ಮೋರ್ಸ್ ಓಡಾಡಿದ ಬೀದಿಗಳಲ್ಲಿ ಒಂದು ಶನಿವಾರ

ಮಗಳ ಬಾಣಂತನಕ್ಕೆ ಅಂತ ಇಂಗ್ಲೆಂಡಿನ ರೆಡಿಂಗ್‌ಗೆ ಹೋಗಿದ್ದಾಗ ನನಗೆ ಇನ್‌ಸ್ಪೆಕ್ಟರ್ ಮೋರ್ಸ್ ಪರಿಚಯವಾದ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆದು, ಮಗಳಿಗೆ ಮೆಣಸಿನ ಸಾರು ಅನ್ನ ಬಡಿಸಿದರೆ ಮಧ್ಯಾಹ್ನ ಮನೆಯೆಲ್ಲ ಮಲಗಬೇಕು. ನಿಜವಾಗಿ ಮಲಗುತ್ತಿದ್ದದ್ದು ಮಗು ಮಾತ್ರ. ನಾವಿಬ್ಬರೂ ಐಟಿವಿ3 ಹಾಕಿಕೊಂಡು ಕೂರುತ್ತಿದ್ದೆವು. ಆ ಚಾನೆಲ್‌ನಲ್ಲಿ ಹಳೆಯ ಪತ್ತೇದಾರಿ ಧಾರಾವಾಹಿಗಳು ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಡೇವಿಡ್ ಸುಶೆ ಮಾಡಿದ ಪೊಯ್ರೊ, ಜೆರೆಮಿ ಬ್ರೆಟ್ ಮಾಡಿದ ಶೆರ್ಲಾಕ್ ಹೋಮ್ಸ್, ಎರಡೂ ನನಗೆ ಇಷ್ಟವಾದವು. ಆದರೆ ಮನಸ್ಸಿನಲ್ಲಿ ಕೂತದ್ದು ಮೋರ್ಸ್.

ಆಕ್ಸ್‌ಫರ್ಡ್ ಊರಿನ ಪೊಲೀಸ್ ಪತ್ತೇದಾರ ಅವನು. 1987ರಿಂದ 2000ದವರೆಗೆ ಬಂದ ಸರಣಿ ಅದು. ಒಟ್ಟು 33 ಕಂತುಗಳು. ಒಂದೊಂದೂ ಒಂದು ಸಿನಿಮಾದಷ್ಟು ಉದ್ದ. ಜಾಹೀರಾತು ಸೇರಿದರೆ ಎರಡು ಗಂಟೆ. ಮೋರ್ಸ್ ಪಾತ್ರದಲ್ಲಿ ಜಾನ್ ಥಾ, ಅವನ ಸಾರ್ಜೆಂಟ್ ಲೂಯಿಸ್ ಆಗಿ ಕೆವಿನ್ ವೇಟ್ಲಿ. ಲೂಯಿಸ್ ಮಾತಾಡುವ ನ್ಯೂಕಾಸಲ್ ಕಡೆಯ ಇಂಗ್ಲಿಷ್ ನನಗೆ ಸುಲಭಕ್ಕೆ ತಿಳಿಯುತ್ತಿರಲಿಲ್ಲ. ಮಗಳು ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೊಟ್ಟಳು. ಬ್ಯಾರಿಂಗ್ಟನ್ ಫೆಲಾಂಗ್ ಮಾಡಿದ ಶುರುವಿನ ಸಂಗೀತದಲ್ಲಿ ಮೋರ್ಸ್ ಎಂಬ ಹೆಸರೇ ಟೆಲಿಗ್ರಾಫಿನ ಸಂಕೇತದಲ್ಲಿ ಬಡಿಯುತ್ತದೆ, ಉದ್ದ ಉದ್ದ, ಆಮೇಲೆ ಮೂರು ಉದ್ದ, ಹೀಗೆ. ಇದು ಗೊತ್ತಾದ ಮೇಲೆ ಮಗಳು ಮಗುವಿನ ಬೆನ್ನು ತಟ್ಟುವಾಗಲೂ ಅದೇ ಲಯ ಬರತೊಡಗಿತು. ಮಗು ಆ ಲಯಕ್ಕೆ ಬೇಗ ನಿದ್ದೆ ಹೋಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಮಕ್ಕಳಿಗೆ ಉತ್ತರ ಬಂದರೆ ಸಾಲದು, ದಾರಿ ತೋರಿಸಬೇಕು ಅಂತ ಹಟ ಹಿಡಿಯುತ್ತಿದ್ದೆ. ಮೋರ್ಸ್ ಇಷ್ಟವಾದದ್ದು ಅದಕ್ಕೇ. ಅವನು ತಪ್ಪು ಮಾಡುತ್ತಾನೆ. ಸಣ್ಣಪುಟ್ಟ ತಪ್ಪಲ್ಲ, ಇವನೇ ಕೊಲೆಗಾರ ಅಂತ ಖಚಿತವಾಗಿ ನಂಬಿ, ಆ ಮನುಷ್ಯನ ಬೆನ್ನು ಹತ್ತಿ, ಕೊನೆಗೆ ಅವನಲ್ಲ ಅಂತ ಗೊತ್ತಾಗುವಂಥ ತಪ್ಪು. ಆಮೇಲೆ ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡುತ್ತಾನೆ. ಒಬ್ಬ ಮನುಷ್ಯ ಯೋಚನೆ ಮಾಡುವುದನ್ನು ಅಷ್ಟು ಹೊತ್ತು ತೋರಿಸಲು ಟಿವಿಯವರಿಗೆ ಧೈರ್ಯ ಬೇಕು, ಅಲ್ವಾ? ಜಾನ್ ಥಾ ಸುಮ್ನೆ ಕುಳಿತು ಸಂಗೀತ ಕೇಳುತ್ತಿರುತ್ತಾನೆ. ಏನೂ ನಡೆಯುವುದಿಲ್ಲ. ಆದರೂ ಕಣ್ಣು ಕೀಳಲಾಗುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಮೋರ್ಸ್‌ಗೆ ಹೆಣ ನೋಡಲಾಗುವುದಿಲ್ಲ. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿದ್ದರೂ ಮುಖ ತಿರುಗಿಸಿಬಿಡುತ್ತಾನೆ. ಇದನ್ನು ಕೆಲವರು ತಮಾಷೆಗೆ ಅಂತ ತಿಳಿಯಬಹುದು. ನನಗೆ ಹಾಗೆ ಅನಿಸಲಿಲ್ಲ. ಸಾವು ಅವನಿಗೆ ಎಂದೂ ಮಾಮೂಲಿ ಆಗಲಿಲ್ಲ. ಕೊಲೆಯನ್ನು ಬರೀ ರೋಚಕತೆಗೆ ಬಳಸುವ ಧಾರಾವಾಹಿಗಳು ಜಾಸ್ತಿ ಇವೆ. ಇದರಲ್ಲಿ ಸತ್ತವರಿಗೆ ಒಂದು ಮನೆ, ಒಂದು ಕೆಲಸ, ಯಾರದೋ ಮೇಲೆ ಪ್ರೀತಿ, ಎಲ್ಲವೂ ಇರುತ್ತದೆ.

ಕೊನೆಯ ಕಂತು ನೋಡಿದ ವಾರವೇ ಮಗಳು, "ಅಮ್ಮ, ಆಕ್ಸ್‌ಫರ್ಡ್ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಹೋಗಿ ಬರೋಣ" ಅಂದಳು. ಶನಿವಾರ ಹೊರಟೆವು. ಅಳಿಯಂದಿರು ಮಗುವಿನ ಗಾಡಿ ತಳ್ಳಿಕೊಂಡು ಬಂದರು. ನಾನು ಬಿಸಿನೀರಿನ ಫ್ಲಾಸ್ಕು, ಮಗುವಿನ ಬಟ್ಟೆ, ಚಪಾತಿ ಪಲ್ಯ ಎಲ್ಲ ಕಟ್ಟಿಕೊಂಡಿದ್ದೆ.

ಮೊದಲು ಹೋದದ್ದು ಬೋಮಾಂಟ್ ಬೀದಿಗೆ. ಒಂದು ಬದಿಗೆ ರ‍್ಯಾಂಡಾಲ್ಫ್ ಹೋಟೆಲು, ಎದುರಿಗೆ ಆಶ್ಮೋಲಿಯನ್ ಮ್ಯೂಸಿಯಂ. ಒಂದು ಕಂತು ನಡೆಯುವುದು ಇಲ್ಲೇ. ಅಮೆರಿಕದ ಒಬ್ಬ ಹೆಂಗಸು ಹಳೆಯ ಕಾಲದ ಒಡವೆಯೊಂದನ್ನು ಮ್ಯೂಸಿಯಂಗೆ ಕೊಡಲು ಬಂದಿರುತ್ತಾಳೆ. ಹೋಟೆಲಿನ ಕೋಣೆಯಲ್ಲೇ ಸಾಯುತ್ತಾಳೆ, ಒಡವೆ ಕಾಣೆಯಾಗುತ್ತದೆ. ಆ ಕಥೆಯ ಒಡವೆಗೆ ಪ್ರೇರಣೆಯಾದದ್ದು ಆಶ್ಮೋಲಿಯನ್‌ನಲ್ಲಿರುವ ಆಲ್ಫ್ರೆಡ್ ಜ್ಯೂವೆಲ್, ಹಳೆಯ ಕಾಲದ ರಾಜ ಆಲ್ಫ್ರೆಡ್ ಮಾಡಿಸಿದ್ದು ಅಂತ ಹೇಳುವ ಒಡವೆ. ಅದನ್ನು ನೋಡಲೇಬೇಕು ಅಂತ ನಾನು ಮನಸ್ಸು ಮಾಡಿದ್ದೆ.

ಆರು ಸೆಂಟಿಮೀಟರ್ ಚಿಲ್ಲರೆ ಉದ್ದವಿದೆ, ಅಷ್ಟೇ. ಚಿನ್ನದ ಕಟ್ಟು, ಒಳಗೆ ಬಣ್ಣದ ಎನಾಮೆಲ್‌ನಲ್ಲಿ ಕಣ್ಣರಳಿಸಿ ಕೂತ ಒಬ್ಬ ಮನುಷ್ಯ, ಅವನ ಮೇಲೆ ಸ್ಫಟಿಕ. ಸುತ್ತ ಹಳೆಯ ಇಂಗ್ಲಿಷಿನಲ್ಲಿ "ಆಲ್ಫ್ರೆಡ್ ನನ್ನನ್ನು ಮಾಡಿಸಿದ" ಅಂತ ಬರೆದಿದೆ. ಒಂಬತ್ತನೆಯ ಶತಮಾನದ ಕೊನೆಯದು, 1693ರಲ್ಲಿ ಸಾಮರ್‌ಸೆಟ್‌ನಲ್ಲಿ ಸಿಕ್ಕಿತು. ಪುಸ್ತಕ ಓದುವಾಗ ಸಾಲಿನ ಮೇಲೆ ಇಟ್ಟು ತೋರಿಸುವ ಕಡ್ಡಿಯ ಹಿಡಿ ಇದಾಗಿರಬೇಕು ಅಂತ ಬಲ್ಲವರು ಹೇಳುತ್ತಾರೆ. ಅದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ಒಬ್ಬ ರಾಜ ತನ್ನ ಹೆಸರು ಕೆತ್ತಿಸಿದ್ದು ಓದುವ ಕಡ್ಡಿಯ ಮೇಲೆ! ನಾನು ಅಷ್ಟು ವರ್ಷ ಕಪ್ಪು ಹಲಗೆಯ ಮುಂದೆ ಬೆತ್ತದ ತುದಿಯಿಂದ ಒಂದೊಂದೇ ಸಾಲು ತೋರಿಸಿದವಳು. ಮಗಳು ಎರಡು ಸಲ "ಹೋಗೋಣ್ವಾ ಅಮ್ಮ" ಅಂದಳು. ನನಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ.

ಮೋರ್ಸ್‌ನನ್ನು ಬರೆದ ಕಾಲಿನ್ ಡೆಕ್ಸ್‌ಟರ್ ಕೂಡ ಮೇಷ್ಟ್ರೇ. ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದರು. ಕಿವಿ ಕೇಳಿಸುವುದು ಕಡಿಮೆಯಾದ್ದರಿಂದ 1966ರಲ್ಲಿ ಪಾಠ ಬಿಟ್ಟು ಆಕ್ಸ್‌ಫರ್ಡಿನ ಪರೀಕ್ಷಾ ಮಂಡಳಿ ಸೇರಿದರು. ತರಗತಿಯಲ್ಲಿ ಹಿಂದಿನ ಬೆಂಚಿನ ಮಗು ಕೇಳಿದ ಪ್ರಶ್ನೆ ಕೇಳಿಸದೇ ಹೋದರೆ ಮೇಷ್ಟ್ರಿಗೆ ಎಷ್ಟು ಸಂಕಟವಾಗುತ್ತದೆ ಅಂತ ನಾನು ಊಹಿಸಬಲ್ಲೆ. ಅವರಿಗೆ ಪದಬಂಧದ ಹುಚ್ಚು. ಮೋರ್ಸ್, ಲೂಯಿಸ್ ಎರಡೂ ಹೆಸರು ಪದಬಂಧದಲ್ಲಿ ಪಳಗಿದವರದ್ದೇ. ಟಿವಿ ಸರಣಿಯ ಹೆಚ್ಚುಕಮ್ಮಿ ಎಲ್ಲ ಕಂತುಗಳಲ್ಲೂ ಡೆಕ್ಸ್‌ಟರ್ ಎಲ್ಲೋ ಒಂದು ಕಡೆ ಕಾಣಿಸಿಕೊಳ್ಳುತ್ತಾರೆ, ಪಬ್ಬಿನ ಮೂಲೆಯಲ್ಲೋ, ಜನರ ನಡುವೆಯೋ. ಅವರನ್ನು ಯಾರು ಮೊದಲು ಗುರುತಿಸುತ್ತೇವೆ ಅಂತ ನಾನೂ ಮಗಳೂ ಪಂದ್ಯ ಕಟ್ಟುತ್ತಿದ್ದೆವು.

ಬ್ರಾಡ್ ಬೀದಿಯ ವೈಟ್ ಹಾರ್ಸ್ ಪಬ್ಬನ್ನು ಹೊರಗಿನಿಂದ ನೋಡಿ, ಟರ್ಲ್ ಬೀದಿಗೆ ತಿರುಗಿದರೆ ಎಕ್ಸಿಟರ್ ಕಾಲೇಜು. ಆ ಮಧ್ಯಾಹ್ನ ಒಳಗೆ ಬಿಡುತ್ತಿದ್ದರು. ಬಾಗಿಲು ದಾಟಿದ ಕೂಡಲೇ ಹುಲ್ಲುಹಾಸಿನ ಅಂಗಳ. ಕೊನೆಯ ಕಂತಿನಲ್ಲಿ ಮೋರ್ಸ್ ಕುಸಿದು ಬೀಳುವುದು ಇಲ್ಲೇ. ಹಿನ್ನೆಲೆಯಲ್ಲಿ ಫ್ರೆಂಚ್ ಸಂಗೀತಗಾರ ಫೋರೆಯ ರಿಕ್ವಿಯಂ, ಅಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆಯ ಸಂಗೀತ, ಹಾಡುತ್ತಿರುತ್ತಾರೆ. ಆಸ್ಪತ್ರೆಯಲ್ಲಿ ಕೊನೆಗೆ ಅವನು ಹೇಳುವುದು ಲೂಯಿಸ್‌ಗೆ ನನ್ನ ಪರವಾಗಿ ಥ್ಯಾಂಕ್ಸ್ ಹೇಳಿ ಅಂತ. ಆ ಹೊತ್ತಿಗೆ ಲೂಯಿಸ್ ಅಲ್ಲಿರುವುದಿಲ್ಲ. ಆಮೇಲೆ ಬಂದು ಹಣೆಗೆ ಮುತ್ತಿಟ್ಟು ಬೀಳ್ಕೊಡುತ್ತಾನೆ.

ಮಗಳಿಗೆ ಈ ವಿಷಯದಲ್ಲಿ ಮೋರ್ಸ್ ಮೇಲೆ ಸಿಟ್ಟು. ಅಂಗಳದ ಅಂಚಿನಲ್ಲಿ ನಿಂತೇ ವಾದ ಶುರು ಮಾಡಿದಳು. "ಬದುಕಿದ್ದಾಗ ಒಂದು ಒಳ್ಳೆ ಮಾತು ಆಡಲಿಲ್ಲ. ಬಿಯರ್ ದುಡ್ಡು ಕೂಡ ಲೂಯಿಸ್ ಕೈಲೇ ಕೊಡಿಸುತ್ತಿದ್ದ. ಕೊನೇಲಿ ಥ್ಯಾಂಕ್ಸ್ ಹೇಳಿದರೆ ಏನು ಬಂತಮ್ಮ?"

"ಬಂತು ಕಣೇ. ಹೇಳದೇ ಹೋಗೋರೇ ಜಾಸ್ತಿ" ಅಂದೆ. ಅವಳು ಒಪ್ಪಲಿಲ್ಲ. ಅವಳು ಹೇಳುವುದರಲ್ಲೂ ಹುರುಳಿದೆ. ಮನೆ ಮನೆಗೆ ಹೋಗಿ ಬಾಗಿಲು ತಟ್ಟಿದವನು, ತಾಳ್ಮೆಯಿಂದ ಕೇಳಿಸಿಕೊಂಡವನು ಲೂಯಿಸ್. ಮೋರ್ಸ್‌ಗೆ ಎಷ್ಟೋ ಸಲ ಸರಿಯಾದ ದಾರಿ ಹೊಳೆದದ್ದು ಇವನು ಸುಮ್ನೆ ಆಡಿದ ಒಂದು ಮಾತಿನಿಂದ.

ವಾದ ರೈಲಿನಲ್ಲೂ ಮುಂದುವರಿಯಿತು. ಅಳಿಯಂದಿರು ಮಧ್ಯೆ ಬಾಯಿ ಹಾಕಿ, ಲೂಯಿಸ್‌ಗೆ ತನ್ನದೇ ಸರಣಿ ಇದೆ, 2006ರಿಂದ 2015ರವರೆಗೆ ಬಂತು, ಅದರಲ್ಲಿ ಅವನೇ ಇನ್‌ಸ್ಪೆಕ್ಟರ್ ಅಂದರು. ಮಗಳು ಆಗಲೇ ಫೋನಿನಲ್ಲಿ ಮೊದಲ ಕಂತು ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಿದ್ದಳು. ಸೋಮವಾರ ಮಗುವಿಗೆ ನೀರೆರೆದಾದ ಮೇಲೆ ಶುರು ಮಾಡುವುದು ಅಂತ ಗೊತ್ತು ಮಾಡಿದೆವು.