ಕುಕ್ಕಿಗೆ ನಗು ಬರೆದ ವಾರ

ಬೆಳಿಗ್ಗೆ ಐದಕ್ಕೆಲ್ಲ ಮೊದಲ ಟ್ರೇ ಓವನ್‌ನಿಂದ ಹೊರಗೆ ಬಂತು. ಚಾಕೊಲೇಟ್ ಚೂರು ಹಾಕಿದ ಕುಕ್ಕಿ. ಒಂದೊಂದಕ್ಕೂ ಐಸಿಂಗ್‌ನಲ್ಲಿ ಎರಡು ನೀಲಿ ಕಣ್ಣು, ಕೆಳಗೆ ಗುಲಾಬಿ ಬಣ್ಣದ ನಗು. ಎಲ್ಲ ಕೈಯಲ್ಲೇ ಬರೆಯಬೇಕು. ಪೂರ್ತಿ ಆರುವ ಮೊದಲು ಬರೆದರೆ ನಗು ಕರಗಿ ಹರಿದುಹೋಗುತ್ತದೆ.

ಅದು 2023ರ ಮೇ ಮೊದಲ ವಾರ. ಕೆನಡಾದ ಕಿಚನರ್‌ನಲ್ಲಿ ಓದುತ್ತಾ, ಟಿಮ್ ಹಾರ್ಟನ್ಸ್ ಅನ್ನುವ ಕಾಫಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಇದೇನೇ, ಬಿಸ್ಕತ್ತಿಗೆ ಕಣ್ಣು ಬಾಯಿ?" ಅಂದರು. ಇದನ್ನು ಮಾರಿದ ದುಡ್ಡೆಲ್ಲ ದಾನಕ್ಕೆ ಹೋಗುತ್ತಮ್ಮ ಅಂದೆ.

ಟಿಮ್ ಹಾರ್ಟನ್ ಐಸ್ ಹಾಕಿ ಆಟಗಾರ. 1964ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಮೊದಲ ಅಂಗಡಿ ತೆರೆದರು, 1974ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರ ನೆನಪಿಗೆ ಪಾಲುದಾರ ರಾನ್ ಜಾಯ್ಸ್ ಬಡ ಮಕ್ಕಳನ್ನು ಶಿಬಿರಕ್ಕೆ ಕಳಿಸುವ ಸಂಸ್ಥೆ ಕಟ್ಟಿದರು. ಈ ನಗುವ ಕುಕ್ಕಿ ಬಂದದ್ದು 1996ರಲ್ಲಿ, ಹ್ಯಾಮಿಲ್ಟನ್‌ನ ಮಕ್ಕಳ ಆಸ್ಪತ್ರೆಗೆ ಹಣ ಕೂಡಿಸಲು. ಆಮೇಲೆ ದೇಶವೆಲ್ಲ ಹರಡಿತು.

ನನಗೆ ಜಾಸ್ತಿ ಹಿಡಿಸಿದ್ದು ಒಂದು ವಿಷಯ. ಹಣ ಯಾರಿಗೆ ಹೋಗಬೇಕು ಅನ್ನುವುದನ್ನು ಆಯಾ ಊರಿನ ಓನರ್‌ಗಳೇ ಆರಿಸುತ್ತಾರೆ. ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ಆಹಾರ ಹಂಚುವ ಸಂಸ್ಥೆ. ನಮ್ಮ ಓನರ್ ಆ ಸಲ ಶಾಲೆ ಮಕ್ಕಳ ಬೆಳಗಿನ ತಿಂಡಿಯನ್ನು ಆರಿಸಿದ್ದರು.

ಕೇಳಿ ಆಶ್ಚರ್ಯವಾಯಿತು. ನಾನು ದಾವಣಗೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಂಡು ಬೆಳೆದವಳು. ಮಧ್ಯಾಹ್ನ ಸಾಲಾಗಿ ಕೂತು ಅನ್ನ ಸಾರು ಉಣ್ಣುವುದು ಪಾಠದಷ್ಟೇ ಸಹಜ ಅಂದುಕೊಂಡಿದ್ದೆ. ಇಷ್ಟು ಸಿರಿವಂತ ದೇಶದಲ್ಲಿ ಆಗ ಅಂಥ ರಾಷ್ಟ್ರೀಯ ಯೋಜನೆ ಇರಲಿಲ್ಲ. ಸರ್ಕಾರ ಅದನ್ನು ಘೋಷಿಸಿದ್ದು 2024ರಲ್ಲಿ. ಮಕ್ಕಳ ಹೊಟ್ಟೆ ತುಂಬಿಸುವುದು ಕುಕ್ಕಿ ಮಾರುವವರ ಕೆಲಸ ಅಲ್ಲ, ಸರ್ಕಾರದ್ದೇ. ಆದರೆ ನಾಳೆ ಬೆಳಿಗ್ಗೆ ಹಸಿದು ಬರುವ ಮಗು ಅಲ್ಲಿವರೆಗೆ ಕಾಯೋಕಾಗಲ್ಲ, ಅಲ್ವಾ?

ಆ ವಾರ ಕಾರಿನಲ್ಲೇ ಕೂತು ಕೊಳ್ಳುವ ಡ್ರೈವ್ ಥ್ರೂ ಸಾಲು ರಸ್ತೆವರೆಗೂ ಬೆಳೆಯಿತು. ಆಫೀಸಿನವರು ಡಬ್ಬಿಗಟ್ಟಲೆ ಆರ್ಡರ್ ಕೊಟ್ಟರು. ದಿನಾ ಒಂದು ಡಬಲ್ ಡಬಲ್ (ಎರಡು ಕ್ರೀಮ್, ಎರಡು ಸಕ್ಕರೆ) ಕಾಫಿ ಕುಡಿದು ಮಾತಾಡದೆ ಹೋಗುವ ಅಜ್ಜ ಒಬ್ಬರು ಡಜನ್ ಕುಕ್ಕಿ ತಗೊಂಡು, "ಇವನ್ನು ನನ್ನ ಹಿಂದೆ ನಿಂತವರಿಗೇ ಹಂಚಿಬಿಡಿ" ಅಂದರು. ಊರಿನವರೂ ಐಸಿಂಗ್ ಹಾಕಲು ಬಂದರು. ನನ್ನ ಮಣಿಕಟ್ಟು ಊದಿಕೊಂಡಿತ್ತು. ಆದರೂ ಬೇರೆ ಕೆಲಸಕ್ಕೆ ಹಾಕಿ ಅನ್ನಲು ಮನಸ್ಸು ಬರಲಿಲ್ಲ.

ಶುಕ್ರವಾರ ಒಬ್ಬ ಟೀಚರ್ ಕುಕ್ಕಿ ಒಯ್ಯಲು ಬಂದರು. ಅವರ ಶಾಲೆಯಲ್ಲೂ ತಿಂಡಿ ಕೊಡುತ್ತಾರಂತೆ. ಯಾರು ಬಡವರು ಅಂತ ಕೇಳುತ್ತೀರಾ ಎಂದೆ. "ಕೇಳಲ್ಲ. ಬಾಗಿಲು ತೆಗೆದಿರುತ್ತೆ, ಬೇಕಾದವರು ಬಂದು ತಿಂತಾರೆ" ಅಂದರು. ಟೋಸ್ಟ್, ಹಾಲು, ಬಾಳೆಹಣ್ಣು. ಹಣಕ್ಕಿಂತ ಬೆಳಿಗ್ಗೆ ಏಳಕ್ಕೆ ಬರುವ ಜನ ಸಿಗುವುದೇ ಕಷ್ಟವಂತೆ.

ಮುಂದಿನ ವಾರದ ಶಿಫ್ಟ್ ಪಟ್ಟಿ ಹಾಕುವಾಗ, ಬುಧವಾರ ಬೆಳಿಗ್ಗೆ ನನ್ನನ್ನು ಬಿಟ್ಟುಬಿಡಿ ಎಂದು ಮ್ಯಾನೇಜರನ್ನು ಕೇಳಿಕೊಂಡೆ.