ಏರಿಯ ಮೇಲೆ ಸಸಿ ನೆಡುವ ಮುನ್ನ

ಸೊಲ್ಲಾಪುರದಿಂದ ತುಳಜಾಪುರದ ದಾರಿ ಹಿಡಿದರೆ ಹಿಪ್ಪರಗಾ ಕೆರೆ ಸಿಗುತ್ತದೆ. ಸರಕಾರಿ ದಾಖಲೆಗಳಲ್ಲಿ ಅದರ ಹೆಸರು ಏಕರೂಖ. ಆದಿಲಾ ನದಿಗೆ ಅಡ್ಡಲಾಗಿ ಕಟ್ಟಿ 1871ರಲ್ಲಿ ಮುಗಿಸಿದ ಈ ಮಣ್ಣಿನ ಅಣೆಕಟ್ಟೆ ಸುಮಾರು 21 ಮೀಟರ್ ಎತ್ತರ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಚಳಿಗಾಲದಲ್ಲಿ ಹಕ್ಕಿ ನೋಡುವವರೂ ರಜೆಯಲ್ಲಿ ಬುತ್ತಿ ಕಟ್ಟಿಕೊಂಡ ಕುಟುಂಬಗಳೂ ಇಲ್ಲಿಗೆ ಬರುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟುವುದನ್ನೇ ಕಾಯಕವೆಂದುಕೊಂಡ ನೆಲ ನಮ್ಮದು. ಕೆರೆಯ ದಂಡೆಯಲ್ಲಿ ನಾಲ್ಕು ಗಳಿಗೆ ಕೂರುವ ಆಸೆ ನಮ್ಮವರಿಗೆ ಸಹಜ. ಆದರೆ ಹಳೆಯ ಕೆರೆ ವಿಹಾರತಾಣವಾದ ಮೇಲೆ ಅದರ ಅಂದಕ್ಕೆ ಹಣ ಬರುತ್ತದೆಯೇ ಹೊರತು ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆಯಾದ ಏರಿಯ ಆರೋಗ್ಯಕ್ಕೆ ಬರುವುದಿಲ್ಲ ಎಂಬುದು ನನ್ನ ಚಿಂತೆ.

ನಮ್ಮ ಕಡೆಯ ಒಂದು ಚಿಕ್ಕ ಕೆರೆಯಲ್ಲಿ ಏರಿಯ ಹೊರಮೈ ಉದ್ದಕ್ಕೂ ಬೇವು, ಅರಳಿ ನೆಟ್ಟು ನೆರಳಿಗೆ ಬೆಂಚು ಹಾಕಿಸಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಜಾಗ ತಪ್ಪು. ಮರದ ಬೇರು ತೇವವನ್ನು ಹುಡುಕುತ್ತ ಏರಿಯೊಳಗೆ ಇಳಿಯುತ್ತದೆ. ಮರ ಸತ್ತು ಬೇರು ಕೊಳೆತಾಗ ಅಲ್ಲಿ ನೀರು ಹರಿಯಲು ತಯಾರಾದ ದಾರಿ ಉಳಿಯುತ್ತದೆ. ಬಿರುಗಾಳಿಗೆ ಬುಡಮೇಲಾದರೆ ಏರಿಯ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ. ತಾನಾಗಿ ಬೆಳೆಯುವ ಜಾಲಿಯ ಪೊದೆ ಹೆಗ್ಗಣದ ಬಿಲಗಳನ್ನೂ ಜಿನುಗುವ ನೀರನ್ನೂ ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ. ಏರಿಗೆ ತಕ್ಕದ್ದು ಗರಿಕೆಯಂಥ ಗಿಡ್ಡ ಹುಲ್ಲು ಮಾತ್ರ. ಈಗಾಗಲೇ ಬಲಿತ ಮರಗಳನ್ನು ಕಡಿದು ಬುಡ ಬಿಟ್ಟರೆ ಅದೇ ಅಪಾಯ ಮರಳುವುದರಿಂದ, ನೀರು ತಗ್ಗಿದ ಕಾಲದಲ್ಲಿ, ಎಂಜಿನಿಯರ್ ಎದುರಿನಲ್ಲೇ, ಬೇರು ತೆಗೆದು ಪದರ ಪದರವಾಗಿ ಮಣ್ಣು ತುಂಬಿ ದಮ್ಮಸು ಮಾಡಬೇಕು.

ಮಣ್ಣಿನ ಏರಿ ಎಂದ ಮೇಲೆ ಅಷ್ಟಿಷ್ಟು ನೀರು ಜಿನುಗಿಯೇ ಜಿನುಗುತ್ತದೆ. ನೋಡಬೇಕಾದದ್ದು ಆ ನೀರಿನ ಬಣ್ಣವನ್ನು. ಏರಿಯ ಬುಡದ ಕಾಲುವೆಯಲ್ಲಿ ತಿಳಿಯಾದ ನೀರು ಒಂದೇ ಸಮನೆ ಬರುತ್ತಿದ್ದರೆ ಸಾಮಾನ್ಯವಾಗಿ ಗಾಬರಿಯಿಲ್ಲ. ಅದೇ ನೀರು ಕದಡಿದ್ದರೆ ಒಳಗಿನ ಮಣ್ಣು ಕಣಕಣವಾಗಿ ಕೊಚ್ಚಿ ಬರುತ್ತಿದೆ ಎಂದರ್ಥ. ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಟ್ಟರೆ ತಳದಲ್ಲಿ ಮಣ್ಣು ಕೂರುವುದು ಯಾರಿಗೂ ಕಾಣುತ್ತದೆ. ಒರತೆಯ ಬಾಯಿಯ ಸುತ್ತ ಸಣ್ಣ ಮರಳಿನ ಗುಪ್ಪೆ ಎದ್ದಿದ್ದರೆ ಅದೇ ದಿನ ಸುದ್ದಿ ಮುಟ್ಟಿಸಬೇಕು. ಕೆರೆಯ ನೀರನ್ನು ಕಾಲುವೆಗೆ ಬಿಡುವ ತೂಬಿನ ಕಲ್ಲುಕಟ್ಟಡಕ್ಕೆ ಮಣ್ಣು ತಾಗುವ ಜಾಗದಲ್ಲಿ ಈ ಭಯ ಹೆಚ್ಚು. ಕಾಲುವೆಗೆ ತ್ರಿಕೋನದ ಕಚ್ಚು ಕೊರೆದ ಉಕ್ಕಿನ ತಗಡನ್ನು ಅಡ್ಡಲಾಗಿ ನಿಲ್ಲಿಸಿ, ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರವನ್ನು ಕೆರೆಯ ಮಟ್ಟದ ಜೊತೆಗೇ ಬರೆದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕೆರೆಯ ಮಟ್ಟ ಏರದೆ ಜಿನುಗು ಮಾತ್ರ ಏರಿದರೆ ಆ ಪುಸ್ತಕವೇ ಎಚ್ಚರಿಸುತ್ತದೆ.

ಇನ್ನು ಕೋಡಿ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹರಿಯುವ ದಾರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಎಂಬ ಹಳೆಯ ಮಣ್ಣಿನ ಅಣೆಕಟ್ಟೆಯನ್ನು ಸಿರಿವಂತರ ಕ್ಲಬ್ಬೊಂದು ಮೀನು ಹಿಡಿಯುವ, ದೋಣಿ ನಡೆಸುವ ಮೋಜಿಗೆಂದು ಇಟ್ಟುಕೊಂಡಿತ್ತು. ಕೆರೆಯ ನೀರು ಹೊರಬಿಡುವ ಕಬ್ಬಿಣದ ಕೊಳವೆಗಳನ್ನು ಕ್ಲಬ್ಬಿನ ಕೈಗೆ ಬರುವ ಮೊದಲೇ ಕಿತ್ತು ಮಾರಲಾಗಿತ್ತು. ಅವನ್ನು ಮತ್ತೆ ಹಾಕಿಸಲಿಲ್ಲ. ಏರಿಯ ತಲೆಯನ್ನು ತಗ್ಗಿಸಿದ್ದರು, ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಕಟ್ಟಿದ್ದರು. 1889ರ ಮೇ 31ರಂದು ಭಾರಿ ಮಳೆಗೆ ಜಾಲರಿಯಲ್ಲಿ ಕಸಕಡ್ಡಿ ಸಿಕ್ಕಿಕೊಂಡು ಕೋಡಿ ಕಟ್ಟಿಕೊಂಡಿತು, ನೀರು ಏರಿಯನ್ನೇ ಹತ್ತಿ ಹರಿಯಿತು. ಕೆಳಗಿನ ಜಾನ್ಸ್‌ಟೌನ್ ಪ್ರದೇಶದಲ್ಲಿ 2,209 ಜನ ಸತ್ತರು. ಕೋಡಿಗೆ ಬಲೆ ಕಟ್ಟುವುದು, ಮಟ್ಟ ಹೆಚ್ಚಿಸಲು ಮರಳಿನ ಚೀಲ ಇಡುವುದು, ಕೋಡಿ ಹರಿವಿನ ಹಾದಿಯಲ್ಲಿ ಅಂಗಡಿ ಏಳುವುದು ಇವೆಲ್ಲ ನಮ್ಮ ಕೆರೆಗಳಿಗೂ ಹೊಸವಲ್ಲ.

ನಮ್ಮದೇ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ತಿವರೆಯ ಮಣ್ಣಿನ ಅಣೆಕಟ್ಟೆ 2019ರ ಜುಲೈ 2ರ ರಾತ್ರಿ ಒಡೆದು ಸುಮಾರು 20 ಜನ ಪ್ರಾಣ ಕಳೆದುಕೊಂಡರು. ಸೋರಿಕೆಯ ಬಗ್ಗೆ ಹಳ್ಳಿಯವರು ಮೊದಲೇ ದೂರಿದ್ದರು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ 15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳಿಗೆ ಮಳೆಗಾಲದ ಮೊದಲೂ ನಂತರವೂ ತಪಾಸಣೆ ನಡೆಯಬೇಕು, ತುರ್ತು ಕ್ರಮದ ಯೋಜನೆಯೂ ಇರಬೇಕು. ಅದಕ್ಕಿಂತ ಚಿಕ್ಕ ಕೆರೆಗಳಲ್ಲಿ ಅನೇಕವು ಈ ಕಾಯ್ದೆಯ ಹೊರಗೇ ಉಳಿಯುತ್ತವೆ, ಅವುಗಳ ಕೆಳಗೂ ಮನೆಗಳಿವೆ. ನಮ್ಮ ಭಾಗದಲ್ಲಿ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಪ್ರತಿ ಕೆರೆಯ ಕೋಡಿ ತೆರವಾಗಿ, ಬೇಸಗೆಯಲ್ಲಿ ಎರೆಮಣ್ಣು ಬಿರಿದ ಸೀಳುಗಳು ಮುಚ್ಚಿ, ಕದಡಿದ ನೀರು ಕಂಡರೆ ಯಾರಿಗೆ ಕರೆ ಮಾಡಬೇಕೆಂಬ ಫಲಕ ಮರಾಠಿಯಲ್ಲೂ ಕನ್ನಡದಲ್ಲೂ ಏರಿಯ ಬುಡದಲ್ಲಿ ನಿಲ್ಲಬೇಕು.