ರೈಫಲ್ ಕಲಿಕೆ: ಬಯಲು ರೇಂಜ್‌ನಲ್ಲಿ ಮೊದಲ ದಿನ, 40 ತೋಟಾ

ಮೂರು ವಾರ ಓದಿದ್ದು, ವಿಡಿಯೊ ನೋಡಿದ್ದು ಆಯಿತು. ಇವತ್ತು ಕೊನೆಗೂ ಸಾರ್ವಜನಿಕ ಶೂಟಿಂಗ್ ರೇಂಜ್‌ಗೆ ಹೋಗಿ ಬಂದೆ. ಪಾಯಿಂಟ್ ಟೂ ಟೂ (ಸುಮಾರು 0.22 ಇಂಚು ಅಗಲದ ಸಣ್ಣ ಗುಂಡಿನ) ರೈಫಲ್, ದುರ್ಬೀನಿಲ್ಲ, ಗುರಿ ಹಿಡಿಯಲು ಹಿಂದೊಂದು ಮುಂದೊಂದು ಬರೀ ಕಬ್ಬಿಣದ ಸೈಟ್, 50 ಮೀಟರ್ ದೂರ. ಡಬ್ಬಿಯಲ್ಲಿದ್ದ 50 ತೋಟಾಗಳಲ್ಲಿ 40 ಬಳಸಿದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ಸುರಕ್ಷತೆಯ ಪಾಠ. ಪ್ರತಿ ಬಂದೂಕಿನಲ್ಲೂ ಗುಂಡಿದೆ ಅಂತಲೇ ತಿಳಿಯಬೇಕು. ನಳಿಗೆ ಯಾವಾಗಲೂ ಟಾರ್ಗೆಟ್ ಹಿಂದಿನ ಮಣ್ಣಿನ ದಿಬ್ಬದ ಕಡೆಗೇ ಇರಬೇಕು. ಗುರಿ ಕೂಡುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿಯ ಹಿಂದೆ ಏನಿದೆ ಅಂತ ಗೊತ್ತಿರಬೇಕು. ಇದೆಲ್ಲ ಬಾಯಿಪಾಠ ಆಗಿತ್ತು. ಆದರೂ ಒಂದು ಕಡೆ ತಪ್ಪಿದೆ.

ರೇಂಜ್ 'ಕೋಲ್ಡ್', ಅಂದರೆ ಗುಂಡು ಹಾರಿಸುವುದು ನಿಂತಿದೆ, ಅಂತ ಕೂಗಿದರೆ ಎಲ್ಲರೂ ಬೋಲ್ಟ್ (ರೈಫಲ್‌ನ ಹಿಂಬದಿ ಮುಚ್ಚುವ ಭಾಗ) ತೆರೆದು, ತೋಟಾ ಕೂರುವ ಚೇಂಬರ್‌ಗೆ ಬಣ್ಣದ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿ, ಗೆರೆಯ ಹಿಂದೆ ನಿಲ್ಲಬೇಕು. ಆಮೇಲೆ ಜನ ಟಾರ್ಗೆಟ್ ಬದಲಿಸಲು ಮುಂದೆ ನಡೆಯುತ್ತಾರೆ. ನಾನು ಪೆನ್ ಮರೆತೆ ಅಂತ ಬೆಂಚಿನ ಕಡೆ ಕೈ ಚಾಚಿದೆ ಅಷ್ಟೇ. "ಬೆಂಚ್ ಬಿಟ್ಟು ಹಿಂದೆ ಬನ್ನಿ" ಅಂತ ರೇಂಜ್ ಆಫೀಸರ್ ಗಟ್ಟಿಯಾಗಿ ಹೇಳಿದರು. ತಿರುಗಿ ನೋಡಿದರೆ ಟಾರ್ಗೆಟ್ ಹತ್ತಿರ ನಾಲ್ಕು ಜನ ನಮಗೆ ಬೆನ್ನು ಮಾಡಿ ನಿಂತಿದ್ದರು. ಆ ನಾಲ್ಕು ಬೆನ್ನುಗಳನ್ನು ನಾನು ಮರೆಯಲ್ಲ.

ಕಿವಿಯ ಬಗ್ಗೆ ಒಂದು ಮಾತು. ಪಾಯಿಂಟ್ ಟೂ ಟೂ ಸದ್ದೇ 140 ಡೆಸಿಬೆಲ್ ಆಸುಪಾಸು ಇರುತ್ತದೆ, ಪಕ್ಕದ ಬೆಂಚಿನ ದೊಡ್ಡ ರೈಫಲ್ ಅದಕ್ಕಿಂತ ಜಾಸ್ತಿ. ಕಿವಿಯೊಳಗೆ ಫೋಮ್ ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಹಾಕಿಕೊಳ್ಳಿ. ನಾನು ಬರೀ ಮಫ್ ಹಾಕಿದ್ದೆ. ಅದು ಎಷ್ಟು ಕೆಲಸ ಕೆಡಿಸಿತು ಅಂತ ಮುಂದೆ ಗೊತ್ತಾಯಿತು.

ಮೊದಲ ಹತ್ತು ಗುಂಡು ಸುಮಾರು 14 ಸೆಂಟಿಮೀಟರ್ ಹರಡಿದ್ದವು, ಹೆಚ್ಚಿನವು ನಡುವಿನಿಂದ ಕೆಳಗೆ. ಕಣ್ಣಿನ ತಪ್ಪು ಅಂದುಕೊಂಡೆ. ಹಿಂದಿನ ಸೈಟ್, ಮುಂದಿನ ಸೈಟ್, ಟಾರ್ಗೆಟ್ ಮೂರನ್ನೂ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಮುಂದಿನ ಸೈಟ್ ಚೂಪಾಗಿ ಕಾಣಬೇಕು, ಟಾರ್ಗೆಟ್ ಮಸುಕಾದರೂ ಪರವಾಗಿಲ್ಲ. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಇದ್ದರೆ, ಅಲ್ಲಿ ಒಂದು ಮಿಲಿಮೀಟರ್ ತಪ್ಪಿದ್ದು 50 ಮೀಟರ್‌ನಲ್ಲಿ 10 ಸೆಂಟಿಮೀಟರ್ ಆಗುತ್ತದೆ! ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಅದಕ್ಕೆ ಹೊಡೆಯುವವರ ಮೇಲೆ ಇವತ್ತು ಗೌರವ ಇಮ್ಮಡಿ ಆಯಿತು.

ಸೈಟ್‌ನ ಸ್ಕ್ರೂ ತಿರುಗಿಸೋಣ ಅಂತ ಹೊರಟಿದ್ದೆ. ಆಫೀಸರ್ ತಡೆದರು. "ಈಗಲೇ ಮುಟ್ಟಬೇಡಿ, ಮೊದಲು ನಿಮ್ಮನ್ನು ನೋಡೋಣ" ಅಂದರು. ತೋಟಾ ತುಂಬುವ ನನ್ನ ಮ್ಯಾಗಜೀನ್ ತೆಗೆದುಕೊಂಡು, ನಿಜವಾದ ತೋಟಾಗಳ ನಡುವೆ ಎರಡು ಡಮ್ಮಿಗಳನ್ನು (ಹಾರದ ನಕಲಿ ತೋಟಾ) ಸೇರಿಸಿ ಕೊಟ್ಟರು. ಯಾವುದು ಯಾವಾಗ ಬರುತ್ತದೆ ಅಂತ ನನಗೆ ಗೊತ್ತಿಲ್ಲ.

ಒಂದು ಹಾರಿತು. ಎರಡು ಹಾರಿತು. ಮೂರನೆಯದಕ್ಕೆ ಬರೀ 'ಟಕ್'. ಸದ್ದಿಲ್ಲ, ಹೊಡೆತವಿಲ್ಲ. ಆದರೆ ನಳಿಗೆಯ ತುದಿ ಒಂದು ಬೆರಳಷ್ಟು ಕೆಳಗೆ ಕುಸಿಯಿತು. ಕಣ್ಣು ಮುಚ್ಚಿತ್ತು, ಹೆಗಲು ಮುಂದೆ ನೂಕಿತ್ತು. ಈ ರೈಫಲ್ ಒದೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ನನ್ನ ಮೈ ಹೆದರಿದ್ದು ಸದ್ದಿಗೆ. ನಿಜವಾದ ಗುಂಡು ಹಾರುವಾಗ ಈ ಕುಸಿತ ಸದ್ದಿನಲ್ಲಿ ಮುಚ್ಚಿಹೋಗುತ್ತದೆ, ಕಾಣುವುದೇ ಇಲ್ಲ. ಸ್ಕ್ರೂ ತಿರುಗಿಸಿದ್ದರೆ ಹೆದರಿಕೆಗೆ ಸೈಟ್ ಹೊಂದಿಸಿದ ಹಾಗೆ ಆಗುತ್ತಿತ್ತು, ಅಲ್ವಾ?

ಪ್ಲಗ್ ಸೇರಿಸಿ ಹಾಕಿಕೊಂಡೆ. ಮುಂದಿನ 20 ಗುಂಡು ಇದೇ ಆಟ. ಅರ್ಧ ಉಸಿರು ಬಿಟ್ಟು ನಿಲ್ಲಿಸುವುದು, ಬೆರಳಿನ ತುದಿಯಿಂದ ನಿಧಾನವಾಗಿ ಒತ್ತುತ್ತಾ ಹೋಗುವುದು, ಗುಂಡು ಯಾವ ಕ್ಷಣ ಹಾರುತ್ತದೆ ಅಂತ ಕಾಯದೇ ಇರುವುದು. ಕೊನೆಯದೇ ಕಷ್ಟ.

ನಡುವೆ ಒಂದು 'ಟಕ್' ಬಂತು, ನಳಿಗೆ ಅಲ್ಲಾಡಲಿಲ್ಲ. ಖುಷಿಯಿಂದ ಬೋಲ್ಟ್ ತೆರೆಯಲು ಹೋದೆ. "ಮೂವತ್ತು ಸೆಕೆಂಡ್ ಕಾಯಿರಿ!" ಅಂದರು ಆಫೀಸರ್. ಡಮ್ಮಿಯೋ, ಹಾರದ ನಿಜವಾದ ತೋಟಾನೋ ನೋಡದೆ ಹೇಳಲಾಗದು. ತಡವಾಗಿ ಹೊತ್ತಿಕೊಳ್ಳಲೂಬಹುದು. ಅದಕ್ಕೇ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಕಾಯಬೇಕು. ಕಾದು ತೆಗೆದರೆ ನಿಜವಾದದ್ದೇ! ಅಂಚಿನಲ್ಲಿ ಪಿನ್ ಬಡಿದ ಸಣ್ಣ ಗುಳಿ ಇತ್ತು. ಈ ಜಾತಿಯ ತೋಟಾದಲ್ಲಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೇ ಇರುತ್ತದೆ.

ಕೊನೆಯ ಐದು ಗುಂಡು ಐದೂವರೆ ಸೆಂಟಿಮೀಟರ್‌ನೊಳಗೆ ಬಿದ್ದವು. ಇನ್ನೂ ಸ್ವಲ್ಪ ಎಡಕ್ಕೆ ಇವೆ. ಸೈಟ್ ಮುಟ್ಟಲಿಲ್ಲ.

ಹೊರಡುವಾಗ ತಣ್ಣೀರು, ಸೋಪಿನಲ್ಲಿ ಕೈ ಮುಖ ತೊಳೆದೆ, ಸೀಸದ ಪುಡಿ ಅಂಟಿರುತ್ತದೆ. ಹಾಕಿದ್ದ ಬಟ್ಟೆಯನ್ನೂ ಬೇರೆಯಾಗಿ ಒಗೆಯಬೇಕು.

ಇನ್ನು ಮನೆಯಲ್ಲಿ ದಿನಾ ಹದಿನೈದು ನಿಮಿಷ ಗುಂಡಿಲ್ಲದ ಅಭ್ಯಾಸ. ತೋಟಾಗಳು ಬೇರೆ ಕೋಣೆಯಲ್ಲಿ, ಚೇಂಬರ್‌ನಲ್ಲಿ ಡಮ್ಮಿ. ಖಾಲಿ ಒತ್ತಿದರೆ ಇಂಥ ಹಲವು ರೈಫಲ್‌ಗಳಲ್ಲಿ ಪಿನ್ ಚೇಂಬರ್ ಅಂಚಿಗೆ ಬಡಿದು ಹಾಳಾಗುತ್ತದೆ. ನಳಿಗೆಯ ತುದಿಯಲ್ಲಿ ಒಂದು ನಾಣ್ಯ ಇಟ್ಟು ಟ್ರಿಗರ್ ಒತ್ತುವುದು. ಇವತ್ತು ರಾತ್ರಿ ಹತ್ತು ಸಲದಲ್ಲಿ ಆರು ಸಲ ಬಿತ್ತು. ಹತ್ತಕ್ಕೆ ಹತ್ತು ನಿಂತ ದಿನ ಉಳಿದ ಹತ್ತು ತೋಟಾ ತೆಗೆದುಕೊಂಡು ಮತ್ತೆ ರೇಂಜ್‌ಗೆ ಹೋಗುತ್ತೇನೆ.